ಬಳ್ಳಿಗಾವಿಯ ಸುತ್ತಣ ಕೂಟಶಾಸನಗಳೂ ಇಂದಿನ ಕೂಟಲೇಖಗಳೂ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕರ್ಣಾಟಕದ ಶಾಸನಾಭ್ಯಾಸಿಗಳಿಗೆ ತವರೂರಿದ್ದಂತೆ. ಮಳವಳ್ಳಿಯ ಕಂಬದ ಪ್ರಾಕೃತ ಶಾಸನ, ತಾಳಗುಂದದಲ್ಲಿ ಕವಿ ಕುಬ್ಜನು ರಚಿಸಿದ ಕದಂಬರ ಸ್ತಂಭಶಾಸನ, ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದ ಬಳ್ಳಿಗಾವಿಯ ಅಸಂಖ್ಯ ಶಿಲಾಶಾಸನಗಳು, ಇವೆಲ್ಲವೂ ಒಂದು ದಿನದ ನಡಿಗೆಯ ಅಂತರದೊಳಗೇ ಇವೆ. ಶ್ರೀ ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಹಾಗೂ ಎಂಟನೆಯ ಸಂಪುಟಗಳನ್ನು ತೆರೆದವರಿಗೆ ಈ ಸಂಪತ್ತಿನ ಪರಿಚಯವಿದ್ದೇ ಇರುತ್ತದೆ. ಆದರೆ ಇದೇ ಸಂಪುಟಗಳಲ್ಲಿ, ಈ ಪ್ರಾಮಾಣಿಕ ಶಾಸನಗಳ ನಡುವೆಯೇ, ಇನ್ನೊಂದು ಬಗೆಯ ಲೇಖಗಳೂ ಅಚ್ಚಾಗಿವೆ. ಶಿಕಾರಿಪುರ ತಾಲ್ಲೂಕಿನ ಬೇಗೂರಿನ ತಾಮ್ರಪಟಗಳು ಮತ್ತು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ತಾಮ್ರಪಟಗಳು ಅಂಥವು. ಅವುಗಳನ್ನು ಕೊಟ್ಟವನು ಪಾಂಡವಕುಲದ ಜನಮೇಜಯ ಚಕ್ರವರ್ತಿ ಎಂದು ಅವೇ ಹೇಳಿಕೊಳ್ಳುತ್ತವೆ.

ಪ್ರಕೃತ ಲೇಖನದ ವಿಷಯ ಈ ಕೂಟಶಾಸನಗಳು. ಸಂಸ್ಕೃತದಲ್ಲಿ ‘ಕೂಟ’ವೆಂದರೆ ಕಪಟ, ಸುಳ್ಳು, ಕೂಟಸಾಕ್ಷಿ, ಕೂಟನಾಣ್ಯ ಎಂಬ ಮಾತುಗಳಲ್ಲಿರುವುದೂ ಇದೇ ಪದ. ಈ ವಿಷಯವನ್ನು ಈಗ ಎತ್ತಿಕೊಳ್ಳಲು ಒಂದು ಕಾರಣವುಂಟು. ಕಳೆದ ವರ್ಷ ನಮ್ಮ ವಿಭಾಗದ ಅಧ್ಯಾಪಕರಿಗೆಲ್ಲ ವಿಭಾಗದ ಮುಖ್ಯಸ್ಥರ ಹೆಸರಿನಲ್ಲಿ ಒಂದು ಇ-ಮೇಲ್ ಬಂದಿತು. ಹೆಸರು ಸರಿ, ಪದವಿಗಳು ಸರಿ, ಭಾವಚಿತ್ರವೂ ಸರಿಯೇ. ತಾವು ಮುಖ್ಯವಾದ ಸಭೆಯೊಂದರಲ್ಲಿರುವುದಾಗಿಯೂ, ದೂರವಾಣಿಯಲ್ಲಿ ಮಾತನಾಡಲು ಸಾಧ್ಯವಿಲ್ಲವಾಗಿಯೂ, ಒಂದು ಸಹಾಯ ತುರ್ತಾಗಿ ಬೇಕಾಗಿದೆಯೆಂದೂ ಅದರಲ್ಲಿ ಬರೆದಿತ್ತು. ಬೇಕಾಗಿದ್ದ ಸಹಾಯವೆಂದರೆ ಹಣ. ಮುಖ್ಯಸ್ಥರು ಆ ಹೊತ್ತಿನಲ್ಲಿ ನಮ್ಮೆದುರಿಗೇ ಕುಳಿತು ಚಹಾ ಕುಡಿಯುತ್ತಿದ್ದುದರಿಂದ ಆ ಪತ್ರ ನಮಗೆ ನಗೆಯ ವಸ್ತುವಾಯಿತು. ಆದರೆ ನಮ್ಮ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರಿಗೆ ಬಂದ ಇಂಥದೇ ಇನ್ನೊಂದು ಪತ್ರ ನಗೆಯಲ್ಲಿ ಮುಗಿಯಲಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇವೆ. ಇಂದು ಫಿಶಿಂಗ್ ಎಂದು ಕರೆಯಲಾಗುವ ಈ ವಂಚನೆಗೆ ಆ ಹೆಸರು ಬಂದದ್ದು 1990ರ ದಶಕದ ಮಧ್ಯದಲ್ಲಿ. ಗಾಳ ಹಾಕಿ ಮೀನು ಹಿಡಿಯುವುದೆಂಬ ಅರ್ಥದ ಇಂಗ್ಲಿಷ್ ಪದವನ್ನು ಕಾಗುಣಿತ ಕೆಡಿಸಿ ಮಾಡಿದ ಹೆಸರದು. ಹೆಸರು ಹೊಸದು, ಕಸುಬು ಹೊಸದಲ್ಲವೆಂಬುದನ್ನು ಬೇಗೂರು ಕುಪ್ಪಗಡ್ಡೆಗಳ ತಗಡುಗಳೇ ಸಾರುತ್ತವೆ.

ಮೊದಲು ಆ ತಗಡುಗಳನ್ನು ನೋಡೋಣ. ಇವೆರಡರ ಜೊತೆಗೆ ಇದೇ ಸೀಮೆಯ ಗೌಜ ಅಗ್ರಹಾರದ ಪಟಗಳನ್ನೂ ತೀರ್ಥಹಳ್ಳಿಯ ಕಡೆಯ ಭೀಮನಕಟ್ಟೆಯ ಪಟಗಳನ್ನೂ ಸೇರಿಸಿಕೊಳ್ಳಬೇಕು. ಎಲ್ಲವೂ ಒಂದೇ ಚಕ್ರವರ್ತಿಯ ಹೆಸರಿನಲ್ಲಿವೆ. ಅವು ಹೇಳುವ ಕಥೆ ಗಂಭೀರವಾಗಿಯೇ ಇದೆ. ಸೋಮವಂಶದವನೂ ಹಸ್ತಿನಾಪುರದಲ್ಲಿ ಆಳುತ್ತಿದ್ದವನೂ ಆದ ಜನಮೇಜಯನು ದಕ್ಷಿಣ ದಿಗ್ವಿಜಯಕ್ಕೆಂದು ಬಂದವನು, ತುಂಗಭದ್ರಾ ಹರಿದ್ರಾ ನದಿಗಳ ಸಂಗಮದಲ್ಲಿ, ಹರಿಹರ ದೇವರ ಸನ್ನಿಧಿಯಲ್ಲಿ, ಸರ್ಪಯಾಗದ ಸಂದರ್ಭದಲ್ಲಿ ಬ್ರಾಹ್ಮಣರಿಗೆ ಗ್ರಾಮಗಳನ್ನು ಧಾರೆಯೆರೆದನಂತೆ. ಭೀಮನಕಟ್ಟೆಯ ಶಾಸನಕ್ಕೆ ಯುಧಿಷ್ಠಿರ ಶಕ 89, ಪ್ಲವಂಗ ಸಂವತ್ಸರವೆಂಬ ಕಾಲವನ್ನೂ ಕೊಡಲಾಗಿದೆ.

ಭಾರತವನ್ನು ಬಲ್ಲ ಓದುಗನಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ. ಕೂಟಶಾಸನದ ಬಲವಿರುವುದು ಇಲ್ಲಿಯೇ ಎಂದು ನಮ್ಮ ಭಾವನೆ. ಅದು ಅಪರಿಚಿತನೊಬ್ಬನ ಹೆಸರಿನಲ್ಲಿ ಬರುವುದಿಲ್ಲ. ಯಾರ ಹೆಸರನ್ನು ಕೇಳಿದೊಡನೆ ಕೈ ಮುಗಿಯುವೆವೋ ಅವನ ಹೆಸರಿನಲ್ಲಿ ಬರುತ್ತದೆ. ಚಾಳುಕ್ಯರ ಹೆಸರಿನಲ್ಲಿ ಬರೆದಿದ್ದರೆ ಆ ವಂಶದ ಚರಿತ್ರೆ ಬಲ್ಲವರು ತಪ್ಪು ಹುಡುಕಿಯಾರು. ಪಾಂಡವರ ಮರಿಮಗನ ಕಾಲದ ಕಡತವನ್ನು ಯಾರು ತೆಗೆದು ನೋಡುತ್ತಾರೆ?

ಆದರೂ ತಪ್ಪುಗಳು ಉಳಿದವು. ಈ ಚಕ್ರವರ್ತಿಯ ಧ್ವಜ ಸುವರ್ಣವರಾಹಧ್ವಜವೆಂದು ಪಟಗಳು ಹೇಳುತ್ತವೆ. ವರಾಹ ಚಾಳುಕ್ಯರ ಲಾಂಛನ. ಬಳ್ಳಿಗಾವಿಯನ್ನು ಆಳಿದವರು ಆ ಚಾಳುಕ್ಯರೇ. ರಾಜಧ್ವಜವೆಂದರೆ ಹೀಗಿರಬೇಕು ಎಂದು ತನ್ನ ಸುತ್ತಮುತ್ತಲ ಶಾಸನಗಳಿಂದ ಕಲಿತ ಲೇಖಕನು ಅದನ್ನೇ ತೆಗೆದು ಪಾಂಡವಕುಲದವನ ಕೈಗೆ ಕೊಟ್ಟನೆಂದು ಸಹಜವಾಗಿ ಊಹಿಸಬಹುದು. ಇನ್ನು ಲಿಪಿ. ಈ ಸೀಮೆಯ ಬರವಣಿಗೆಯ ಬೆಳವಣಿಗೆಯನ್ನು ಕಲ್ಲುಗಳೇ ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತವೆ. ಮಳವಳ್ಳಿಯದು ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಸುಮಾರು ಐದನೆಯ ಶತಮಾನದ ತಾಳಗುಂದದ್ದು ಪ್ರೌಢ ಸಂಸ್ಕೃತ. ಹನ್ನೊಂದನೆಯ ಶತಮಾನದ ಬಳ್ಳಿಗಾವಿಗೆ ಬರುವ ಹೊತ್ತಿಗೆ ದುಂಡನೆಯ ಹಳಗನ್ನಡ ಲಿಪಿ. ಕರ್ಣಾಟಕದಲ್ಲಿ ನಾವು ಓದಬಲ್ಲ ಅತಿ ಹಳೆಯ ರಾಜಾಜ್ಞೆಗಳೇ ಅಶೋಕನ ಕಾಲದವು, ಕ್ರಿ. ಪೂ. ಮೂರನೆಯ ಶತಮಾನದವು. ಹೀಗಿರುವಾಗ ಕಲಿಯುಗಾದಿಯ ದೊರೆಯು ಮಧ್ಯಕಾಲದ ನಾಗರಿ ಬಗೆಯ ಅಕ್ಷರಗಳಲ್ಲಿ ಶಾಸನ ಬರೆಸಿದನೆಂಬುದನ್ನು ಒಪ್ಪುವುದು ಹೇಗೆ? ಹರಿಹರ ದೇವರ ಉಲ್ಲೇಖವೂ ಅನುಮಾನವನ್ನು ಹೆಚ್ಚಿಸುತ್ತದೆ. ಸಂಗಮದ ಬಳಿ ಈಗಿರುವ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಳಾಳ್ವನು ಕಟ್ಟಿಸಿದ್ದು 1224ರ ಸುಮಾರಿನಲ್ಲಿ.

ಗೌಜದ ಪಟಗಳನ್ನು ಮೊದಲಿಗೆ ವಿದ್ವಾಂಸರ ಗಮನಕ್ಕೆ ತಂದವರು ಎಚ್. ಟಿ. ಕೋಲ್‌ಬ್ರೂಕ್. ಕಾಲಿನ್ ಮೆಕೆಂಝಿಯವರ ಮೂಲಕ ದೊರೆತ ಆ ಪಾಠವನ್ನು ಅವರು 1807ರಲ್ಲಿ ಏಷ್ಯಾಟಿಕ್ ರಿಸರ್ಚಸ್‌ನ ಒಂಬತ್ತನೆಯ ಸಂಪುಟದಲ್ಲಿ ಚರ್ಚಿಸಿದರು. ನಿಜವಾಗಿದ್ದರೆ ಇದಕ್ಕಿಂತ ಮಹತ್ವದ ಶಾಸನ ಇನ್ನೊಂದಿಲ್ಲವೆಂಬುದನ್ನು ಬಲ್ಲವರಾದರೂ ಅದನ್ನು ನಂಬಲು ಅವರು ಒಪ್ಪಲಿಲ್ಲ. ಬಂದದ್ದು ಎಷ್ಟು ದೊಡ್ಡ ಲಾಭವೋ ಅಷ್ಟು ದೊಡ್ಡ ಸಂಶಯ ಬೇಕೆಂಬ ಈ ಮನೋಧರ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಮಾದರಿಯಾಗಿದೆ. ಆಮೇಲೆ ಆ ಶಾಸನದಲ್ಲಿ ಹೇಳಿದ ಸೂರ್ಯಗ್ರಹಣವನ್ನು ಇಂಗ್ಲೆಂಡಿನ ಆಸ್ಥಾನ ಖಗೋಳಜ್ಞ ಜಾರ್ಜ್ ಏರಿ ಅವರು ಲೆಕ್ಕ ಹಾಕಿದಾಗ ಬಂದ ದಿನ 1521ನೆಯ ಇಸವಿಯ ಏಪ್ರಿಲ್ 7, ಭಾನುವಾರ. ವಿಜಯನಗರದಲ್ಲಿ ಆಗ ಕೃಷ್ಣದೇವರಾಯನು ಆಳುತ್ತಿದ್ದನು. ಈ ಇಸವಿಯನ್ನು ಎಲ್ಲ ವಿದ್ವಾಂಸರೂ ಒಪ್ಪಿದರೆಂದಲ್ಲ. ಆದರೆ ಈ ಪರೀಕ್ಷೆಯ ರೀತಿಯನ್ನು ಗಮನಿಸಬೇಕು. ಶಾಸನದ ಸತ್ಯವನ್ನು ಶಾಸನವನ್ನೇ ಕೇಳಲಿಲ್ಲ. ಯಾವ ಕೂಟಲೇಖಕನ ಕೈಗೂ ಎಟುಕದ ಸೂರ್ಯಚಂದ್ರರನ್ನು ಕೇಳಲಾಯಿತು. ಆಚಂದ್ರಾರ್ಕವೆಂದು ಬರೆಯುವ ದತ್ತಿಗೆ ಇದು ತಕ್ಕ ಸಾಕ್ಷಿಯೇ ಸರಿ.

ಕೂಟಶಾಸನಗಳಲ್ಲಿ ತಾಮ್ರದವೇ ಏಕೆ ಹೆಚ್ಚು? ಇದಕ್ಕೆ ಉತ್ತರವನ್ನು ಬಳ್ಳಿಗಾವಿಯಲ್ಲಿ ನಿಂತು ಯೋಚಿಸಿದರೆ ತಿಳಿಯುತ್ತದೆ. ಇಲ್ಲಿನ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳ ಕಲ್ಲುಗಳು ಆಳೆತ್ತರದವು. ಮೇಲ್ಭಾಗದಲ್ಲಿ ಸೂರ್ಯಚಂದ್ರರು, ಲಿಂಗ, ಹಸುಕರು. ದತ್ತಿ ಕೊಟ್ಟದ್ದು ಯಾವ ಆಚಾರ್ಯರ ಕಾಲು ತೊಳೆದು, ಯಾರ ಸಮಕ್ಷಮದಲ್ಲಿ, ಯಾವ ಕೆರೆಯ ಕೆಳಗಿನ ಎಷ್ಟು ಮತ್ತರು ಎಂಬುದನ್ನು ಊರಿನ ಮುಂದೆಯೇ ಕೆತ್ತಿ ನಿಲ್ಲಿಸಿದರು. ಸುಳ್ಳಾಗಿದ್ದರೆ ನೆರೆಯ ಹೊಲದವನೇ ಮರುದಿನ ಜಗಳಕ್ಕೆ ಬರುತ್ತಿದ್ದನು. ತಾಮ್ರದ ತಗಡಾದರೋ ಪೆಟ್ಟಿಗೆಯಲ್ಲಿರುವಂಥದು. ಅದನ್ನು ಯಾವಾಗ ಬರೆದರೆಂದು ಯಾರಿಗೂ ತಿಳಿಯದು; ಬೇಕಾದಾಗ, ಬೇಕಾದ ಅಧಿಕಾರಿಯೊಬ್ಬನ ಮುಂದೆ ಮಾತ್ರ ತೆಗೆಯಬಹುದು. ತಾಮ್ರಪಟಗಳೆಲ್ಲ ಕಪಟವೆಂದು ಇದರ ಅರ್ಥವಲ್ಲ. ಆದರೆ ಗುಟ್ಟಿನಲ್ಲಿ ಒಬ್ಬನಿಗೆ ಮಾತ್ರ ತೋರಿಸುವ ಲೇಖಕ್ಕೆ ಊರೆಲ್ಲ ನೋಡುವ ಲೇಖದ ಕಾವಲಿರುವುದಿಲ್ಲ. ‘ಸಭೆಯಲ್ಲಿದ್ದೇನೆ, ದೂರವಾಣಿ ಮಾಡಬೇಡಿ’ ಎಂಬ ಮಾತು, ಪತ್ರವನ್ನು ಪೆಟ್ಟಿಗೆಯಲ್ಲಿಯೇ ಇರಿಸುವ ಉಪಾಯವಲ್ಲದೆ ಮತ್ತೇನು?

ಇನ್ನು ಕಾಲ. ಹೊಸ ಅರಸನು ಪಟ್ಟಕ್ಕೆ ಬಂದಾಗ, ಭೂಮಿಯನ್ನು ಅಳೆದು ಕಂದಾಯ ನಿರ್ಧರಿಸುವಾಗ, ಹಳೆಯ ಮಾನ್ಯಗಳಿಗೆ ಆಧಾರ ಕೇಳುವ ಪ್ರಸಂಗ ಬರುತ್ತದೆ. ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದಲ್ಲಿ ಮಾಡಿದ ಶಿಸ್ತು ಈ ಸೀಮೆಯನ್ನೂ ಒಳಗೊಂಡಿತ್ತು. ಮೈಸೂರಿನಲ್ಲಿ 1866ರಲ್ಲಿ ಇನಾಮು ಕಮಿಷನ್ ಏರ್ಪಟ್ಟಿತು. ಇಂಥ ಸಂದರ್ಭಗಳಲ್ಲಿ ಭೂಮಿಯನ್ನು ನಿಜವಾಗಿಯೇ ಅನುಭವಿಸುತ್ತಿದ್ದು ಆಧಾರಪತ್ರವನ್ನು ಮಾತ್ರ ಕಳೆದುಕೊಂಡವನೂ ಹೊಸ ತಗಡನ್ನು ಬರೆಸಲು ಮನಸ್ಸು ಮಾಡಿಯಾನು. ಆದಕಾರಣ ಕೂಟಶಾಸನದ ಹಿಂದೆ ಯಾವಾಗಲೂ ಶುದ್ಧ ದುರಾಶೆಯೇ ಇರುತ್ತದೆಂದು ನಾವು ಹೇಳಲಾರೆವು, ಹೆದರಿಕೆಯೂ ಇರಬಹುದು. ಇಂದಿನ ಕೂಟಲೇಖಕನಿಗಾದರೂ ಇಂಥ ಸಮಾಧಾನವಿಲ್ಲ. ಅವನು ಬಳಸಿಕೊಳ್ಳುವುದು ನಮ್ಮ ಹೆದರಿಕೆಯನ್ನು. ಆದಾಯ ತೆರಿಗೆಯ ವಿವರಣೆ ಸಲ್ಲಿಸುವ ತಿಂಗಳುಗಳಲ್ಲಿ ತೆರಿಗೆ ವಾಪಸಾತಿಯ ಪತ್ರಗಳು, ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡುವ ನವೆಂಬರಿನಲ್ಲಿ ಪಿಂಚಣಿ ನಿಲ್ಲುವುದೆಂಬ ಪತ್ರಗಳು, ಪ್ರವೇಶದ ಕಾಲದಲ್ಲಿ ವಿದ್ಯಾರ್ಥಿವೇತನದ ಪತ್ರಗಳು ಬರುವುದು ಆಕಸ್ಮಿಕವಲ್ಲ.

ನಮ್ಮ ಪೂರ್ವಿಕರು ಇದಕ್ಕೆ ಏನು ಮಾಡಿದರು? ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಕೂಟಶಾಸನ ಮಾಡಿದವನಿಗೆ ಮರಣದಂಡನೆ ವಿಧಿಸಿದೆ. ಯಾಜ್ಞವಲ್ಕ್ಯನು ಸುಳ್ಳು ತಕ್ಕಡಿ, ಸುಳ್ಳು ಅಳತೆ, ಸುಳ್ಳು ನಾಣ್ಯಗಳ ಸಾಲಿನಲ್ಲಿ ಸುಳ್ಳು ಶಾಸನವನ್ನೂ ಇಟ್ಟು ಉತ್ತಮ ಸಾಹಸವೆಂಬ ಅತ್ಯಧಿಕ ದಂಡವನ್ನು ಹೇಳುತ್ತಾನೆ. ದಂಡಕ್ಕಿಂತಲೂ ಮುಖ್ಯವಾದದ್ದು, ನಿಜವಾದ ಶಾಸನ ಹೇಗಿರಬೇಕೆಂದು ಅದೇ ಸ್ಮೃತಿ ನಿಗದಿಮಾಡಿದ ಕ್ರಮ. ಬಟ್ಟೆಯ ಮೇಲಾಗಲಿ ತಾಮ್ರಪಟದ ಮೇಲಾಗಲಿ ಬರೆಯಿಸಬೇಕು. ವಂಶದ ಹೆಸರು, ದಾನದ ಪ್ರಮಾಣ, ಎಲ್ಲೆಕಟ್ಟು, ಕಾಲ, ರಾಜಮುದ್ರೆ, ರಾಜನ ಸ್ವಹಸ್ತ ಇರಬೇಕು. ಮುಂದೆ ಬರುವ ಅರಸರ ತಿಳಿವಳಿಕೆಗಾಗಿಯೇ ಇದೆಲ್ಲ. ಈ ಭಾಗಕ್ಕೆ ವ್ಯಾಖ್ಯಾನ ಬರೆಯುವ ಮಿತಾಕ್ಷರೆಯು, ಲೇಖಕನು ಅರಸನ ಅಪ್ಪಣೆ ಪಡೆದ ಸಂಧಿವಿಗ್ರಹಿಯೇ ಆಗಿರಬೇಕು, ಕಂಡಕಂಡವರಲ್ಲ ಎಂದು ಸ್ಪಷ್ಟಪಡಿಸುತ್ತದೆ. ಮಿತಾಕ್ಷರೆಯ ಕರ್ತೃ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದವನು. ಬಳ್ಳಿಗಾವಿ ಆ ಸಾಮ್ರಾಜ್ಯದ ದೊಡ್ಡ ಪಟ್ಟಣಗಳಲ್ಲೊಂದು. ಶಾಸನದ ಲಕ್ಷಣವನ್ನು ಇಷ್ಟು ಕಟ್ಟುನಿಟ್ಟಾಗಿ ಹೇಳಿದ ಗ್ರಂಥವೂ ಅದನ್ನು ಪಾಲಿಸಿದ ಕಲ್ಲುಗಳೂ ಒಂದೇ ರಾಜ್ಯದಲ್ಲಿ ಒಂದೇ ಕಾಲದಲ್ಲಿ ಹುಟ್ಟಿದುದು ಗಮನಾರ್ಹ.

ಕಪಟ ಬಯಲಾದ ಮೇಲೆ ಏನು ಮಾಡಬೇಕೆಂಬುದಕ್ಕೆ ಉತ್ತಮ ನಿದರ್ಶನ ಕರ್ಣಾಟಕದ ಹೊರಗಿನದು. ಕನೌಜದ ಹರ್ಷವರ್ಧನನ ಮಧುಬನ ತಾಮ್ರಶಾಸನ ಕ್ರಿ. ಶ. 631ರ ಸುಮಾರಿನದು. ಸೋಮಕುಂಡಿಕಾ ಎಂಬ ಗ್ರಾಮವನ್ನು ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನೆಂದೂ, ಅರಸನು ಆ ಶಾಸನವನ್ನು ಮುರಿಸಿ, ಗ್ರಾಮವನ್ನು ಹಿಂದಕ್ಕೆ ಪಡೆದು ಬೇರೆ ಇಬ್ಬರಿಗೆ ಕೊಟ್ಟನೆಂದೂ ಅದರಲ್ಲಿದೆ. ಇಲ್ಲಿ ಮೂರು ಕೆಲಸಗಳು ಒಟ್ಟಿಗೆ ನಡೆದಿವೆ: ಸುಳ್ಳು ಪತ್ರದ ಬಲವನ್ನು ನಾಶಮಾಡಿದ್ದು, ಅದರ ಬದಲು ಸರಿಯಾದ ಪತ್ರವನ್ನು ಹೊರಡಿಸಿದ್ದು, ನಡೆದುದನ್ನು ಬಚ್ಚಿಡದೆ ಅಧಿಕಾರಿಗಳಿಗೂ ಜನಪದಕ್ಕೂ ಸಾರಿದ್ದು. ತನ್ನ ಆಡಳಿತದಲ್ಲಿ ಇಂಥ ಮೋಸ ನಡೆಯಿತೆಂದು ಹೇಳಿಕೊಳ್ಳಲು ಹರ್ಷನು ಸಂಕೋಚಪಡಲಿಲ್ಲ.

ಸಂಕೋಚವೆಂದೊಡನೆ ಮೇಲೆ ಹೇಳಿದ ನಿವೃತ್ತ ಅಧ್ಯಾಪಕರ ನೆನಪು ಬರುತ್ತದೆ. ನಲವತ್ತು ವರ್ಷ ಪಾಠ ಹೇಳಿದವರು, ಹಳೆಯ ಕಾಗದಗಳಲ್ಲಿನ ಒಂದಕ್ಷರದ ತಿದ್ದುಪಡಿಯನ್ನೂ ಗುರುತಿಸಬಲ್ಲವರು. ಖಾತೆಯ ವಿವರಗಳನ್ನು ಅಂದು ಸಂಜೆಯೊಳಗೆ ಪರಿಷ್ಕರಿಸದಿದ್ದರೆ ಪಿಂಚಣಿ ಜಮೆಯಾಗುವುದಿಲ್ಲವೆಂಬ ಇ-ಮೇಲ್ ಅವರಿಗೆ ಬಂತು. ಅದರಲ್ಲಿದ್ದ ಕೊಂಡಿಯನ್ನು ಒತ್ತಿ, ತೆರೆದ ಪುಟದಲ್ಲಿ ಗುಪ್ತಪದವನ್ನೂ ದೂರವಾಣಿಗೆ ಬಂದ ಅಂಕಿಗಳನ್ನೂ ತುಂಬಿದರು. ಎರಡು ತಿಂಗಳ ಪಿಂಚಣಿ ಹೋಯಿತು. ಅದಕ್ಕಿಂತ ಹೆಚ್ಚಿನ ನಷ್ಟವಾದದ್ದು ಅವರು ಹನ್ನೊಂದು ದಿನ ಯಾರಿಗೂ ಹೇಳದೆ ಇದ್ದುದರಿಂದ. ‘ಇತಿಹಾಸದ ಮೇಷ್ಟ್ರು ಮೋಸ ಹೋದರೆಂದು ನಗುತ್ತಾರೆ’ ಎಂಬುದೇ ಅವರ ಕಾರಣ. ಆ ಹನ್ನೊಂದು ದಿನಗಳಲ್ಲಿ ಅವರದೇ ವಿಳಾಸದಿಂದ, ಅವರದೇ ಹೆಸರಿನಲ್ಲಿ, ಅವರ ಹಳೆಯ ವಿದ್ಯಾರ್ಥಿಗಳಿಗೆ ಅಂಥದೇ ಪತ್ರಗಳು ಹೋದವು. ಗುರುಗಳ ಪತ್ರವೆಂದು ನಂಬಿದವರೂ ಇದ್ದರು. ಜನಮೇಜಯನ ಹೆಸರಿಗಿಂತ ಇದು ಹತ್ತಿರದ ಹೆಸರು.

ಅವರೊಡನೆ ಕುಳಿತು ಆ ಪತ್ರವನ್ನು ನಾವು ಶಾಸನವೊಂದನ್ನು ಓದುವ ಹಾಗೆ ಓದಿದೆವು. ಪ್ರಶಸ್ತಿಭಾಗ ನಿರ್ದೋಷವಾಗಿತ್ತು: ಸಂಸ್ಥೆಯ ಹೆಸರು, ಲಾಂಛನ, ಅಧಿಕಾರಿಯ ಪದವಿ. ಕೂಟಲೇಖಕನು ಸದಾ ಎಚ್ಚರದಿಂದ ಬರೆಯುವುದು ಈ ಭಾಗವನ್ನೇ, ಏಕೆಂದರೆ ಇದನ್ನು ನಕಲು ಮಾಡುವುದು ಸುಲಭ. ಶಾಪಾಶಯವೂ ಇತ್ತು. ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುತ್ತಾನೆಂದು ನಮ್ಮ ಶಾಸನಗಳು ಹೆದರಿಸಿದರೆ, ಇದು ಇಪ್ಪತ್ತನಾಲ್ಕು ಗಂಟೆಯೊಳಗೆ ಖಾತೆ ನಿಲ್ಲುವುದೆಂದು ಹೆದರಿಸಿತ್ತು. ಹಳೆಯವರು ಕಾಲಾವಕಾಶದಲ್ಲಿ ಉದಾರಿಗಳಾಗಿದ್ದರೆನ್ನಬೇಕು. ಶಾಸನದ ಜೀವವಿರುವುದು ಎಲ್ಲೆಕಟ್ಟಿನಲ್ಲಿ, ಭೂಮಿ ಕೈ ಬದಲಾಗುವುದು ಅಲ್ಲಿ. ಇ-ಮೇಲಿನ ಎಲ್ಲೆಕಟ್ಟು ಅದರ ವಿಳಾಸ ಮತ್ತು ಕೊಂಡಿ. ಕಳುಹಿಸಿದವರ ಹೆಸರನ್ನು ಯಾರು ಬೇಕಾದರೂ ಏನು ಬೇಕಾದರೂ ಬರೆದುಕೊಳ್ಳಬಹುದು. ಹೆಸರಿನ ಹಿಂದಿರುವ ವಿಳಾಸವನ್ನು ಬಿಡಿಸಿ ನೋಡಬೇಕು. ವಿಳಾಸವನ್ನು ಎಡದಿಂದ ಓದುವುದು ನಮ್ಮ ರೂಢಿ, ವಂಚಕನು ಬ್ಯಾಂಕಿನ ಹೆಸರನ್ನು ಎಡಗಡೆಗೇ ಇಟ್ಟಿರುತ್ತಾನೆ. ಒಡೆತನ ತಿಳಿಯುವುದು ಬಲತುದಿಯ ಭಾಗದಿಂದ. ಕೇಂದ್ರ ಹಾಗೂ ರಾಜ್ಯ ಸರ್ಕಾರದ ತಾಣಗಳು ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತವೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂಬ ತುದಿಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆಜ್ಞಾಪಿಸಿತು. ಇದನ್ನು ಈ ಕಾಲದ ರಾಜಮುದ್ರೆಯೆನ್ನಬಹುದು. ಅಲ್ಲಿಯೂ ಅಕ್ಷರಗಳನ್ನು ಒಂದೊಂದಾಗಿ ನೋಡುವುದು ಲೇಸು. ರಷ್ಯನ್ ಲಿಪಿಯ ಕೆಲವು ಅಕ್ಷರಗಳು ಇಂಗ್ಲಿಷಿನ ಅಕ್ಷರಗಳಂತೆಯೇ ಕಾಣುವುದರಿಂದ ಅವನ್ನು ನಡುವೆ ಸೇರಿಸಿ ಸುಳ್ಳು ವಿಳಾಸ ಮಾಡುವವರಿದ್ದಾರೆ. ಹಳಗನ್ನಡ ಶಾಸನಗಳಲ್ಲಿ ‘ಮ’ಕಾರ ‘ವ’ಕಾರಗಳಿಗೆ ಮೋಸ ಹೋಗಿ ತಿದ್ದಿಕೊಂಡ ನಮ್ಮ ವಿದ್ಯಾರ್ಥಿಗಳಿಗೆ ಈ ಎಚ್ಚರ ಕಷ್ಟವಾಗಬಾರದು.

ಇದಿಷ್ಟೂ ಲಕ್ಷಣಪರೀಕ್ಷೆ. ಲಕ್ಷಣಗಳು ದಿನದಿನಕ್ಕೆ ಸುಧಾರಿಸುತ್ತಿವೆಯೆಂಬುದನ್ನೂ ಮರೆಯಬಾರದು; ಮೊದಲು ಭಾಷೆಯ ತಪ್ಪುಗಳಿಂದ ಸಿಕ್ಕಿಬೀಳುತ್ತಿದ್ದ ಪತ್ರಗಳನ್ನು ಈಗ ಯಂತ್ರಗಳೇ ಒಳ್ಳೆಯ ಕನ್ನಡದಲ್ಲಿ ಬರೆದುಕೊಡುತ್ತವೆ. ಆದುದರಿಂದ ಏರಿ ಅವರ ಗ್ರಹಣಗಣನೆಯಂಥ ಹೊರಗಿನ ಸಾಕ್ಷಿಯೇ ಹೆಚ್ಚು ನಂಬಿಕೆಗೆ ಅರ್ಹ. ಪತ್ರದಲ್ಲಿ ಕೊಟ್ಟ ಕೊಂಡಿಯನ್ನೂ ದೂರವಾಣಿ ಸಂಖ್ಯೆಯನ್ನೂ ಬಿಟ್ಟು, ಪಾಸ್‌ಪುಸ್ತಕದಲ್ಲಿರುವ ಸಂಖ್ಯೆಗೆ ಕರೆ ಮಾಡುವುದು, ಇಲ್ಲವೇ ಶಾಖೆಗೆ ನಡೆದು ಹೋಗಿ ಕೇಳುವುದು. ಶಾಸನವನ್ನು ಶಾಸನದಿಂದಲೇ ಸಮರ್ಥಿಸುವವನ ಮಾತಿಗೆ ಎಷ್ಟು ಬೆಲೆಯೋ, ಪತ್ರದಲ್ಲಿನ ಸಂಖ್ಯೆಗೆ ಕರೆ ಮಾಡಿ ಪತ್ರದ ಸತ್ಯವನ್ನು ವಿಚಾರಿಸುವುದಕ್ಕೂ ಅಷ್ಟೇ ಬೆಲೆ.

ಸಂಶಯಕ್ಕೂ ಮಿತಿ ಬೇಕೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಡಾ. ಜೆ. ಎಫ್. ಫ್ಲೀಟ್ ಅವರು 1901ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಕೂಟಶಾಸನಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಗಂಗರ ತಾಮ್ರಶಾಸನಗಳ ವಿಷಯದಲ್ಲಿ ಅವರಿಗೂ ರೈಸರಿಗೂ ದೀರ್ಘಕಾಲ ವಾದ ನಡೆಯಿತು. ರೈಸರು ನಂಬುವುದರಲ್ಲಿ ಉದಾರಿ, ಫ್ಲೀಟರು ಅಲ್ಲಗಳೆಯುವುದರಲ್ಲಿ ಉದಾರಿ. ಕಡೆಗೆ ಪೆನುಕೊಂಡದ ಗಂಗಶಾಸನವನ್ನು ಫ್ಲೀಟರೇ ನಿಜವಾದುದೆಂದು ಒಪ್ಪಿಕೊಂಡರು. ಬಂದ ಪತ್ರವನ್ನೆಲ್ಲ ಅಳಿಸಿಹಾಕಿ, ವಿಶ್ವವಿದ್ಯಾನಿಲಯದ ನಿಜವಾದ ಪರೀಕ್ಷಾ ಸುತ್ತೋಲೆಯನ್ನೂ ಅಳಿಸಿದ ಸಹೋದ್ಯೋಗಿಯೊಬ್ಬರು ನಮ್ಮಲ್ಲಿಯೂ ಇದ್ದಾರೆ.

ಮೋಸಹೋದ ಮೇಲಿನ ಕರ್ತವ್ಯದಲ್ಲಿ ಹರ್ಷನ ಕ್ರಮವೇ ಈಗಲೂ ಸರಿ. ತಗಡನ್ನು ಮುರಿಯುವುದೆಂದರೆ ಇನ್ನೊಂದು ಯಂತ್ರದಿಂದ ಗುಪ್ತಪದವನ್ನು ಬದಲಿಸಿ, ಖಾತೆಯನ್ನೂ ಕಾರ್ಡನ್ನೂ ಬ್ಯಾಂಕಿಗೆ ಹೇಳಿ ತಡೆಹಿಡಿಸುವುದು. ಅರಸನಿಗೆ ಅರಿಕೆ ಮಾಡುವುದೆಂದರೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕೂಡಲೇ ಕರೆ ಮಾಡುವುದು. ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿ ಮಾತ್ರ. ಕೇಂದ್ರ ಗೃಹ ಮಂತ್ರಾಲಯದ ಸೈಬರ್ ಅಪರಾಧ ತಾಣದಲ್ಲಿಯೂ, ಜಿಲ್ಲೆಯ ಸೈಬರ್ ಅಪರಾಧಗಳ ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಬಹುದು. ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಡಿ ಪ್ರಕರಣವು ಗಣಕಯಂತ್ರದ ಮೂಲಕ ಬೇರೊಬ್ಬನ ವೇಷ ಹಾಕಿ ವಂಚಿಸಿದವನಿಗೆ ಮೂರು ವರ್ಷದವರೆಗಿನ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿವರೆಗಿನ ದಂಡವನ್ನೂ ವಿಧಿಸುತ್ತದೆ, ಮನುವಿನಷ್ಟು ಕಠಿಣವಲ್ಲ. ಗ್ರಾಹಕನ ಅಜಾಗರೂಕತೆಯಿಂದ ಹಣ ಹೋದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೆಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ಗೊತ್ತುಪಡಿಸಿತ್ತು. ಆ ಹನ್ನೊಂದು ದಿನಗಳ ಬೆಲೆ ಇದರಿಂದ ತಿಳಿಯುತ್ತದೆ.

ಮೂರನೆಯ ಕೆಲಸ ಜನಪದಕ್ಕೆ ಸಾರುವುದು. ಅದಕ್ಕೆ ಆ ಅಧ್ಯಾಪಕರು ಬಹಳ ಹಿಂದೆಗೆದರು. ಕೊನೆಗೆ ತಾವೇ ಆ ಪತ್ರದ ಅಚ್ಚುಪ್ರತಿಯನ್ನು ತಂದು, ಸುಳ್ಳು ವಿಳಾಸದ ಬಲತುದಿಯ ಕೆಳಗೆ ಕೆಂಪು ಗೆರೆ ಎಳೆದು, ತಮ್ಮ ಹೆಸರನ್ನು ಮರೆಮಾಡದೆ, ನಮ್ಮ ವಿಭಾಗದ ಸೂಚನಾಫಲಕಕ್ಕೆ ಅಂಟಿಸಲು ಕೊಟ್ಟರು. ಈ ವರ್ಷ ವಿದ್ಯಾರ್ಥಿಗಳನ್ನು ಬಳ್ಳಿಗಾವಿ ತಾಳಗುಂದಗಳಿಗೆ ಕರೆದೊಯ್ಯುವ ಮುನ್ನ ನಾವು ಮೊದಲ ಪಾಠ ಮಾಡಿದ್ದು ಆ ಫಲಕದ ಮುಂದೆಯೇ. ಪ್ರತಿ ಈಗಲೂ ಅಲ್ಲಿದೆ.